ನೀರಿನ ಜಾಡು ನಂಬಿದವರು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಾಡಿನಲ್ಲಿ ದಾರಿ ತಪ್ಪುವುದು ಯಾರಿಗೂ ಹೊಸದಲ್ಲ. ದನ ಹುಡುಕಲು ಹೋದವರು ತಪ್ಪುತ್ತಾರೆ, ಜೇನು ನೋಡಲು ಹೋದವರು ತಪ್ಪುತ್ತಾರೆ, ಒಳದಾರಿಯಲ್ಲಿ ನೆಂಟರ ಮನೆಗೆ ಹೊರಟವರೂ ತಪ್ಪುತ್ತಾರೆ. ಹಾಗೆ ತಪ್ಪಿದವರಿಗೆ ಹಿರಿಯರು ಹೇಳಿಕೊಟ್ಟ ಉಪಾಯ ಒಂದೇ: ನೀರು ಹುಡುಕು, ನೀರಿನ ಗುಂಟ ಇಳಿ. ನಮ್ಮಲ್ಲಿ ಬೆಟ್ಟ ಮೇಲಿರುತ್ತದೆ, ತೋಟ ಗದ್ದೆಗಳು ಕೆಳಗಿರುತ್ತವೆ, ಅವುಗಳ ಅಂಚಿಗೆ ಮನೆ ಇರುತ್ತದೆ. ಹಳ್ಳದ ಜೊತೆ ಇಳಿದವನಿಗೆ ಕತ್ತಲಾಗುವ ಮೊದಲು ಯಾರದಾದರೂ ಅಂಗಳ ಸಿಗುತ್ತದೆ, ಕುಡಿಯಲು ಬೆಲ್ಲ ನೀರು ಸಿಗುತ್ತದೆ. ಈ ಉಪಾಯ ಸುಳ್ಳಲ್ಲ. ತಲೆಮಾರುಗಳಿಂದ ಅದು ಜನರನ್ನು ಮನೆಗೆ ತಲುಪಿಸಿದೆ. ಆದರೆ ಒಂದು ಊರಿನ ಸತ್ಯವನ್ನು ಚೀಲದಲ್ಲಿ ತುಂಬಿಕೊಂಡು ಬೇರೊಂದು ನಾಡಿಗೆ ಹೋಗಿ, ಅಲ್ಲಿಯೂ ಅದು ನಡೆಯಲೇಬೇಕು ಎಂದು ಹಠ ಹಿಡಿದರೆ ಏನಾಗುತ್ತದೆ? ಅದಕ್ಕೆ ಉತ್ತರ ಭೈರುಂಬೆಯ ದೇವಕಿಯ ಮನೆಯಲ್ಲಿದೆ. ಈ ಕಥೆ ಆ ಮನೆಯದು.

ದೇವಕಿಯ ಅಣ್ಣ ಗೋವಿಂದ. ಅವರು ಅಡಿಗೆ ಗುತ್ತಿಗೆ ಹಿಡಿಯುವವರು. ಮದುವೆ, ಉಪನಯನ, ಶ್ರಾದ್ಧ ಎಂದು ಮೂರೂ ತಾಲ್ಲೂಕಿನ ಊರುಗಳಿಗೆ ಪಾತ್ರೆ ಹೊರಿಸಿಕೊಂಡು ಹೋಗುವ ಅವರಿಗೆ ತಿಳಿಯದ ಕಾಲುದಾರಿ ಇಲ್ಲ ಎಂಬುದು ಎಲ್ಲರೂ ಒಪ್ಪಿದ ಮಾತಾಗಿತ್ತು. ವಯಸ್ಸು ಐವತ್ತು ದಾಟಿದ್ದರೂ ಕಾಲು ಗಟ್ಟಿ. ನಡೆಯುವ ಹುಚ್ಚಿದ್ದ ಆಸುಪಾಸಿನ ಕೆಲವರನ್ನು ಸೇರಿಸಿ ಅವರು ಒಂದು ಬಳಗ ಕಟ್ಟಿದ್ದರು. ಬಿಡುವಿದ್ದಾಗಲೆಲ್ಲ ಸಹಸ್ರಲಿಂಗದಿಂದ ಶಾಲ್ಮಲೆಯ ದಂಡೆ ಹಿಡಿದು ನಡೆಯುವುದು, ಯಾಣದ ಹಿಂದಿನ ಕಾಡು ಸುತ್ತುವುದು, ಯಲ್ಲಾಪುರದ ಕಡೆಯ ಗುಡ್ಡ ಹತ್ತುವುದು ಅವರ ರೂಢಿ. ಒಮ್ಮೆಯೂ ಯಾರೂ ನಕ್ಷೆ ಬಿಚ್ಚಿರಲಿಲ್ಲ. ಒಮ್ಮೆಯೂ ಯಾರೂ ಊಟದ ಹೊತ್ತಿಗೆ ತಪ್ಪಿರಲಿಲ್ಲ. ಅದೃಷ್ಟ ಬಹುಕಾಲ ಜೊತೆಗಿದ್ದರೆ ಮನುಷ್ಯ ಅದನ್ನು ತನ್ನ ವಿದ್ಯೆ ಎಂದೇ ತಿಳಿಯುತ್ತಾನೆ.

ಕಳೆದ ವರ್ಷದ ಬೇಸಿಗೆಯಲ್ಲಿ ಬಳಗ ಹಿಮಾಲಯಕ್ಕೆ ಹೊರಟಿತು. ಹಿಮಾಚಲದಲ್ಲಿ ಎರಡು ಶಿಖರಗಳ ನಡುವಿನ ಒಂದು ಎತ್ತರದ ಕಣಿವೆದಾರಿಯನ್ನು ದಾಟಿ, ಆಚೆ ಬದಿಯ ಹುಲ್ಲುಗಾವಲಿಗೆ ಇಳಿಯುವ ಚಾರಣ ಅದು. ದೇವಕಿಯ ಮಗ ಸುಜಯನೂ ಹೊರಟ. ಅವನಿಗೆ ಶಿರಸಿಯಲ್ಲಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ ಇತ್ತು. ಮದುವೆಯ ಮಾತು ನಡೆಯುತ್ತಿದ್ದ ವಯಸ್ಸು. ಗೋವಿಂದ ಮಾವ ಹೋದಲ್ಲೆಲ್ಲ ಅವರ ಬೆನ್ನ ಹಿಂದೆ ಅವನಿರುತ್ತಿದ್ದ.

ಹೊರಡುವ ಮೊದಲಿನ ಭಾನುವಾರ ದೇವಕಿಯ ಮನೆಯಲ್ಲಿ ಎಲ್ಲರೂ ಸೇರಿದ್ದರು. ಹಲಸಿನ ಹಪ್ಪಳ, ಚಟ್ನಿಪುಡಿ, ಮಿಡಿ ಉಪ್ಪಿನಕಾಯಿ, ಒಗ್ಗರಣೆ ಹಾಕಿದ ಅವಲಕ್ಕಿ ಎಲ್ಲವನ್ನೂ ಗೋವಿಂದ ತೂಗಿ ತೂಗಿ ಪೊಟ್ಟಣ ಕಟ್ಟಿಸುತ್ತಿದ್ದರು. ಯಾರ ಚೀಲದಲ್ಲಿ ಎಷ್ಟು ತೂಕ, ಯಾವ ದಿನ ಯಾವ ಪೊಟ್ಟಣ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆ ಹೊತ್ತಿಗೆ ಪಕ್ಕದ ಮನೆಯ ಪರಿಮಳಾ ಬಂದರು. ಅವರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಮದುವೆಗೆ ಮೊದಲು ಉತ್ತರಾಖಂಡಕ್ಕೆ ಹೋಗಿ ಪರ್ವತಾರೋಹಣದ ತರಬೇತಿ ಮುಗಿಸಿ ಬಂದವರು. ಅವರ ಕೈಯಲ್ಲಿ ಬಳಗ ಹೋಗಲಿರುವ ಪ್ರದೇಶದ ದೊಡ್ಡದೊಂದು ನಕ್ಷೆಯೂ ಒಂದು ದಿಕ್ಸೂಚಿಯೂ ಇದ್ದವು. ಹಪ್ಪಳದ ಚಾಪೆಯನ್ನು ಆಚೆ ಸರಿಸಿ ನಕ್ಷೆಯನ್ನು ನೆಲದ ಮೇಲೆ ಹಾಸಿದರು.

ಗೋವಿಂದ ಅದನ್ನು ನೋಡಿ ನಕ್ಕರು. "ಇದೆಂತದೇ ಪರಿಮಳಾ, ನಿನ್ನ ಶಾಲೆ ಮಕ್ಕಳ ಪರೀಕ್ಷೆನ? ಯಂಗೆ ಈ ವಯಸ್ಸಲ್ಲಿ ಪಾಸಾಪ ಆಸೆ ಇಲ್ಲೆ."

ಉಳಿದವರೂ ನಕ್ಕರು. ಪರಿಮಳಾ ನಗಲಿಲ್ಲ. ಅಲ್ಲಿ ದಾರಿ ತಪ್ಪಿದರೆ ಏನು ಮಾಡುವುದೆಂದು ಯೋಚಿಸಿದ್ದೀರಾ ಎಂದು ಕೇಳಿದರು.

"ಎಂತ ಮಾಡದು? ನೀರು ಎಲ್ಲಿದ್ದು ನೋಡದು, ಅದ್ರ ಗುಂಟ ಇಳಿಯದು. ನೀರಿಗಿಂತ ದೊಡ್ಡ ಮಾಸ್ತರು ಯಾರಿದ್ದ?"

"ಗೋವಿಂದಣ್ಣ, ಅಘನಾಶಿನಿ ಗುಂಟ ಇಳಿದ್ರೆ ಉಂಚಳ್ಳಿಲಿ ಎಂತ ಸಿಗ್ತು? ಬೇಡ್ತಿ ಗುಂಟ ಹೋದ್ರೆ ಮಾಗೋಡಲ್ಲಿ ಎಂತ ಸಿಗ್ತು?"

"ಅಲ್ಲಿ ಜಲಪಾತ ಇದ್ದು ಹೇಳಿ ತೊಟ್ಟಿಲ ಶಿಶುಗೂ ಗೊತ್ತಿದ್ದು ಮಾರಾಯ್ತಿ."

"ನಮ್ಮೂರ ಶಿಶುಗೆ ಗೊತ್ತಿದ್ದು. ಅಲ್ಲಿದು ನಿಂಗಕ್ಕೆ ಎಂತ ಗೊತ್ತಿದ್ದು?"

ಪರಿಮಳಾ ತಾಳ್ಮೆಯಿಂದ ವಿವರಿಸಿದರು. ಇಲ್ಲಿ ಯಾವ ನೀರು ಎಲ್ಲಿ ಬೀಳುತ್ತದೆಂದು ನಮ್ಮ ಹಿರಿಯರು ಹೇಳಿದ್ದಾರೆ, ಆದ್ದರಿಂದ ನಾವು ಬದುಕಿದ್ದೇವೆ. ಅಲ್ಲಿ ನಮಗೆ ಹೇಳುವ ಹಿರಿಯರಿಲ್ಲ. ಆ ನೆಲವನ್ನು ಅಳೆದವರು ಬರೆದಿಟ್ಟ ಮಾತೇ ಈ ನಕ್ಷೆ. ಇದರ ಮೇಲಿನ ಕಂದು ಗೆರೆಗಳು ಅಲಂಕಾರವಲ್ಲ, ಅವು ಎತ್ತರವನ್ನು ತೋರಿಸುವ ಸಮೋನ್ನತಿ ರೇಖೆಗಳು. ಮಾರ್ಗದರ್ಶಿ ಜೊತೆಗಿರುತ್ತಾನೆ, ನಿಜ. ಅವನನ್ನು ಬಿಟ್ಟು ಹೆಜ್ಜೆ ಇಡಬಾರದು, ಅದೂ ನಿಜ. ಆದರೆ ಮಂಜು ಕವಿದಾಗ, ಗುಂಪು ಚದುರಿದಾಗ, ತಾನು ಎಲ್ಲಿದ್ದೇನೆ ಎಂದು ಪ್ರತಿಯೊಬ್ಬನಿಗೂ ತಿಳಿದಿರಬೇಕು. ಈ ವಾರ ಮೂರು ಸಂಜೆ ಕೊಟ್ಟರೆ ಕಲಿಸುತ್ತೇನೆ ಎಂದರು.

ಸುಜಯ ತನ್ನ ಮೊಬೈಲ್ ಎತ್ತಿ ತೋರಿಸಿದ. ಅವನಿಗೆ ಪರಿಮಳಾ ಮೇಲೆ ಗೌರವವಿತ್ತು. ಆದರೆ ದಿನವಿಡೀ ಮೊಬೈಲ್ ಬಿಚ್ಚಿ ಜೋಡಿಸುವವನ ಹಮ್ಮೂ ಇತ್ತು. "ಪರಿಮಳಕ್ಕ, ಕಾಗದ ಎಂತಕ್ಕೆ? ಎಲ್ಲಾ ಇದ್ರಲ್ಲಿ ಇದ್ದು."

ಅಲ್ಲಿ ನೆಟ್ ಇಲ್ಲದಿದ್ದರೆ ಏನು ಮಾಡುತ್ತೀ ಎಂದು ಪರಿಮಳಾ ಕೇಳಿದರು.

"ನಮ್ಮನೆಲಿ ನೆಟ್ ಬೇಕು ಹೇಳಾದ್ರೆ ಗುಡ್ಡ ಹತ್ತವು. ಎತ್ತರ ಹೋದಾಂಗೂ ಟವರ್ ಸಿಗ್ತು. ಅಷ್ಟು ದೊಡ್ಡ ಗುಡ್ಡದ ಮೇಲೆ ಸಿಗ್ತಿಲ್ಲೆ ಹೇಳಿರೆ ಹ್ಯಾಂಗೆ?"

ಈ ಮಾತಿಗೆ ಇಡೀ ಮನೆ ನಕ್ಕಿತು. ನಮ್ಮ ಊರುಗಳಲ್ಲಿ ಇದೂ ಒಂದು ಸತ್ಯವೇ. ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಕುಳಿತ ದಿನಗಳನ್ನು ಯಾರೂ ಮರೆತಿಲ್ಲ. ಪರಿಮಳಾ ಮತ್ತೆ ವಿವರಿಸಿದರು. ನಮ್ಮ ಗುಡ್ಡದಿಂದ ದೂರದ ಪೇಟೆಯ ಟವರ್ ಕಾಣುತ್ತದೆ, ಅದಕ್ಕೇ ಇಲ್ಲಿ ನೆಟ್ ಸಿಗುತ್ತದೆ. ಅಲ್ಲಿ ಸುತ್ತಲೂ ಇನ್ನೂ ದೊಡ್ಡ ಪರ್ವತಗಳು, ಕಾಣುವುದಕ್ಕೆ ಟವರೇ ಇಲ್ಲ. ಮೊಬೈಲಿನಲ್ಲಿ ನಾವಿರುವ ಜಾಗವನ್ನು ತೋರಿಸುವ ಚುಕ್ಕಿ ಉಪಗ್ರಹದಿಂದ ಬರುತ್ತದೆ, ಅದಕ್ಕೆ ನೆಟ್ ಬೇಡ. ಚುಕ್ಕಿಯ ಕೆಳಗಿನ ನಕ್ಷೆ ಮಾತ್ರ ನೆಟ್‌ನಿಂದ ಬರುವಂಥದು. ಆದ್ದರಿಂದ ಅದನ್ನು ಮನೆಯಲ್ಲಿದ್ದಾಗಲೇ ಇಳಿಸಿಕೊಂಡಿರಬೇಕು. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಮೊಬೈಲನ್ನೂ ಪವರ್ ಬ್ಯಾಂಕನ್ನೂ ಅಂಗಿಯೊಳಗೆ ಮೈಗೆ ತಾಗಿಸಿಟ್ಟುಕೊಳ್ಳಬೇಕು. ಇಷ್ಟಾದ ಮೇಲೂ ಯಂತ್ರ ಕೈಕೊಟ್ಟೀತು, ಅದಕ್ಕಾಗಿ ಕಾಗದದ ನಕ್ಷೆ ಬೇಕು.

ಸುಜಯನಿಗೆ ಈ ಮಾತು ತಲೆಗೆ ಹೋಯಿತು. ದಿಲ್ಲಿ ಮುಟ್ಟುವುದರೊಳಗೆ ರೈಲಿನಲ್ಲಿ ಇಳಿಸಿಕೊಳ್ಳುತ್ತೇನೆ ಎಂದ. ಸಂಜೆಯ ಪಾಠಕ್ಕೆ ಯಾರೂ ಬರಲಿಲ್ಲ. ಪರಿಮಳಾ ನಕ್ಷೆಯನ್ನೂ ದಿಕ್ಸೂಚಿಯನ್ನೂ ಬಿಟ್ಟು ಹೋಗಿದ್ದರು. ದಿಕ್ಸೂಚಿಯನ್ನು ಸುಜಯ ಚೀಲದ ತಳಕ್ಕೆ ಹಾಕಿಕೊಂಡ. ನಕ್ಷೆಯನ್ನು ಮಡಚುವುದು ಕಷ್ಟವಾಯಿತೆಂದು ಗೋವಿಂದ ಅದನ್ನು ಗೋಡೆಯ ನಾಗಂದಿಗೆಯ ಮೇಲಿಟ್ಟರು. ಉಪ್ಪಿನಕಾಯಿ ಡಬ್ಬಕ್ಕೆ ಜಾಗ ಸಿಕ್ಕಿದ ಚೀಲದಲ್ಲಿ ಒಂದು ಕಾಗದಕ್ಕೆ ಜಾಗ ಸಿಗಲಿಲ್ಲ.

ರೈಲಿನಲ್ಲಿ ಇಸ್ಪೀಟು ನಡೆಯಿತು, ಹಾಡು ನಡೆಯಿತು. ನಕ್ಷೆ ಇಳಿಸಿಕೊಳ್ಳುವುದು ಮರೆತುಹೋಯಿತು.

ಕಣಿವೆದಾರಿಯನ್ನು ಬಳಗ ಬೆಳಿಗ್ಗೆ ಸುಖವಾಗಿ ದಾಟಿತು. ಆಚೆ ಬದಿಯ ದಾರಿ ಸೀದಾ ಇಳಿಯುವಂಥದಲ್ಲ. ಬೆಟ್ಟದ ಬೆನ್ನಿನ ಗುಂಟ ಬಹುದೂರ ಅಡ್ಡ ಹೋಗಿ, ನಡುವೆ ಒಂದು ದಿಬ್ಬ ಏರಿ, ಆಮೇಲೆ ಸುತ್ತಿಕೊಂಡು ಹುಲ್ಲುಗಾವಲಿಗೆ ಇಳಿಯುತ್ತದೆ. ಸ್ಥಳೀಯ ಮಾರ್ಗದರ್ಶಿ ಮುಂದೆ ನಡೆದಿದ್ದ. ಒಬ್ಬರ ಕಣ್ಣಿಗೆ ಇನ್ನೊಬ್ಬರು ಕಾಣುವಷ್ಟೇ ಅಂತರವಿರಲಿ ಎಂದು ಅವನು ಹಿಂದಿಯಲ್ಲಿ ಮತ್ತೆ ಮತ್ತೆ ಹೇಳಿದ್ದ. ಸುಜಯ ಚಿತ್ರ ತೆಗೆಯಲು ನಿಂತ. ಅವನಿಗಾಗಿ ಗೋವಿಂದ ನಿಂತರು. ಅಷ್ಟರಲ್ಲಿ ಉಳಿದವರು ತಿರುವಿನಾಚೆ ಮರೆಯಾದರು.

ಕೆಳಗೆ ನೋಡಿದರೆ ಹಸಿರು ಬಯಲು, ಅದರಲ್ಲಿ ತಮ್ಮದೇ ಡೇರೆಗಳ ಬಣ್ಣ. ನಿಂತ ಜಾಗದ ಪಕ್ಕದಲ್ಲಿಯೇ ಹಿಮ ಕರಗಿದ ನೀರಿನ ಹಳ್ಳವೊಂದು ಆ ಕಡೆಗೇ ಹರಿಯುತ್ತಿತ್ತು. ಎದುರಿನ ದಿಬ್ಬ ಏರುವುದು ಗೋವಿಂದರಿಗೆ ಮೂರ್ಖತನವಾಗಿ ಕಂಡಿತು.

"ಇಳಿಯಲೆ ಹೊರಟವ ಏರದು ಎಂತಕ್ಕೆ ಮಾಣಿ? ಹಳ್ಳದ ಗುಂಟ ಹೋಪನ. ಅವು ಬಪ್ಪದ್ರೊಳಗೆ ನಾವು ಚಾ ಕಾಸಿಟ್ಟಾಗಿರ್ತು."

ಹೀಗೆ ಇಬ್ಬರೂ ಯಾರಿಗೂ ಹೇಳದೆ ಇಳಿದರು. ಸ್ವಲ್ಪ ಹೊತ್ತಿನಲ್ಲಿ ಮಂಜು ಬಂತು. ಬಯಲು ಮರೆಯಾಯಿತು, ಡೇರೆ ಮರೆಯಾಯಿತು, ಎದುರಿನ ಕಲ್ಲೂ ಮರೆಯಾಯಿತು. ಸುಜಯ ಮೊಬೈಲ್ ತೆಗೆದ. ಪರದೆಯ ಮೇಲೆ ನೀಲಿ ಚುಕ್ಕಿ ಸರಿಯಾಗಿಯೇ ಮಿನುಗುತ್ತಿತ್ತು. ಅದರ ಸುತ್ತ ಬರಿಯ ಬೂದು ಬಣ್ಣ. ಚುಕ್ಕಿ ಇತ್ತು, ನಕ್ಷೆ ಇರಲಿಲ್ಲ. ಅವನು ಒಂದು ಬಂಡೆಯ ಮೇಲೆ ಹತ್ತಿ, ಊರಿನ ಗುಡ್ಡದ ಮೇಲೆ ಮಾಡುವಂತೆ, ಕೈಯನ್ನು ಎಷ್ಟು ಸಾಧ್ಯವೋ ಅಷ್ಟು ಮೇಲಕ್ಕೆ ಚಾಚಿ ನಿಂತ. ಏನೂ ಬರಲಿಲ್ಲ.

ಕೆಳಗಿಳಿದು ಅವನು ಒಂದೇ ಮಾತು ಹೇಳಿದ. "ಮಾವ, ವಾಪಸ್ ಹತ್ತನ."

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹುಡುಗ ಹೇಳಿದ್ದು ಸರಿಯಾಗಿತ್ತು. ಗೊತ್ತಿಲ್ಲದ ಪರ್ವತದಲ್ಲಿ ದಾರಿ ತಪ್ಪಿದವನು ಮಾಡಬೇಕಾದದ್ದು ಅದೇ: ಕೊನೆಯ ಬಾರಿ ಗುರುತು ಸಿಕ್ಕಿದ ಜಾಗಕ್ಕೆ ಹಿಂದಿರುಗುವುದು, ಅದು ಆಗದಿದ್ದರೆ ಇದ್ದಲ್ಲಿಯೇ ಕುಳಿತು ಸೀಟಿ ಊದುವುದು. ಮೇಲೆ ಮಾರ್ಗದರ್ಶಿ ಆಗಲೇ ಇವರನ್ನು ಕೂಗುತ್ತ ಹಿಂದಿರುಗಿದ್ದ. ಅವರು ಇದ್ದಲ್ಲಿಯೇ ಕುಳಿತಿದ್ದರೆ ಆ ಕೂಗು ಕೇಳಿಸುತ್ತಿತ್ತು.

"ಇಷ್ಟು ಇಳಿದಾಜು. ನೀರಿನ ಸಪ್ಪಳ ಜೋರಾಗ್ತಾ ಇದ್ದು, ಕೇಳು. ಕೆಳಗೆ ದೊಡ್ಡ ಹೊಳೆ ಇದ್ದು, ಹೊಳೆ ಇದ್ದಲ್ಲಿ ಜನ ಇದ್ದ. ಆನು ಇದ್ದಿ, ಹೆದರಡ" ಎಂದರು ಗೋವಿಂದ.

ಸೋದರಮಾವನ ಮಾತನ್ನು ಅಳಿಯ ಮೀರಲಿಲ್ಲ. ಜೋರಾಗುತ್ತಿದ್ದುದು ಹೊಳೆಯ ಸಪ್ಪಳವಲ್ಲ, ನೀರು ಬೀಳುವ ಸಪ್ಪಳ. ಆ ಹಳ್ಳ ಬಯಲಿಗೆ ಹರಿದು ಹೋಗುವುದಿಲ್ಲ, ಬಯಲಿಗೆ ಬೀಳುತ್ತದೆ. ಬಂಡೆಯ ಮೇಲೆ ನೀರಿನ ಪಸೆ ಹೆಪ್ಪುಗಟ್ಟಿ ಗಾಜಿನಂತಾಗಿತ್ತು. ಮಾವನ ಮುಂದೆ ನಡೆಯುತ್ತಿದ್ದ ಸುಜಯ ಮಂಜಿನಲ್ಲಿ ಕಾಲಿಟ್ಟ. ಮತ್ತೆ ಕಾಣಲಿಲ್ಲ. ಅವನು ಕೂಗಲೂ ಇಲ್ಲ ಎಂದು ಗೋವಿಂದ ಆಮೇಲೆ ಹೇಳಿದರು.

ಮರುದಿನ ಕುರಿಗಾಹಿಗಳ ನಾಯಿ ಗೋವಿಂದರನ್ನು ಪತ್ತೆ ಮಾಡಿತು. ಅವರು ಬಂಡೆಯ ಮಗ್ಗುಲಲ್ಲಿ ಮುದುಡಿ ಕುಳಿತಿದ್ದರು. ಬಲಗೈಯ ಎರಡು ಬೆರಳುಗಳನ್ನು ಹಿಮ ತಿಂದಿತ್ತು. ಸುಜಯನ ದೇಹವನ್ನು ಕೆಳಗಿನಿಂದ ತಂದರು. ಬೆನ್ನಿಗೆ ಕಟ್ಟಿದ್ದ ಚೀಲ ಹಾಗೆಯೇ ಇತ್ತು. ಅದರ ತಳದಲ್ಲಿ ದಿಕ್ಸೂಚಿ ಒಡೆಯದೆ, ಯಾರಿಗೂ ಬೇಡವಾಗಿ, ಉತ್ತರ ದಿಕ್ಕನ್ನು ತೋರಿಸುತ್ತಿತ್ತು.

ಭೈರುಂಬೆಯ ಆ ಮನೆಗೆ ಸಮಾಧಾನ ಹೇಳಲು ಬಂದವರು ಏನೇನು ಹೇಳಿದರೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಹಿಮಾಲಯ ದೇವಭೂಮಿ, ಅಲ್ಲಿ ಪ್ರಾಣ ಬಿಡುವುದಕ್ಕೆ ಪುಣ್ಯ ಬೇಕು ಎಂದರು ಕೆಲವರು. ಮಂಜು ಕೊಂದಿತು ಎಂದರು ಕೆಲವರು. ಆಯುಷ್ಯ ಅಷ್ಟೇ ಇತ್ತು ಎಂದು ಉಳಿದವರೆಲ್ಲ ಒಪ್ಪಿಕೊಂಡರು. ಸುಜಯನ ತಂದೆ ಮಧುಕೇಶ್ವರ ಈ ಮಾತುಗಳಿಗೆಲ್ಲ ತಲೆಯಾಡಿಸುತ್ತ ಕುಳಿತಿದ್ದರು. ಸಾವಿಗೆ ಕಾರಣ ಹುಡುಕುವುದು ನಮ್ಮಲ್ಲಿ ಕ್ರೌರ್ಯ ಎನ್ನಿಸಿಕೊಳ್ಳುತ್ತದೆ, ಕಾರಣ ಮುಚ್ಚುವುದು ಸಂಸ್ಕಾರ ಎನ್ನಿಸಿಕೊಳ್ಳುತ್ತದೆ. ಹೀಗೆ ಮುಚ್ಚಿದ ಕಾರಣ ಮುಂದಿನ ಮನೆಯ ಬಾಗಿಲು ತಟ್ಟುತ್ತದೆ ಎಂಬ ಎಚ್ಚರ ಮಾತ್ರ ಯಾರಿಗೂ ಇರುವುದಿಲ್ಲ.

ಈ ಸಲ ಅದು ಮುಂದಿನ ಮನೆಗೂ ಹೋಗಲಿಲ್ಲ, ಅದೇ ಮನೆಯ ಬಾಗಿಲು ತಟ್ಟಿತು. ಚಳಿಗಾಲ ಮುಗಿಯುವ ಹೊತ್ತಿಗೆ ಬಳಗ ಮತ್ತೆ ಹಿಮಾಲಯದ ಮಾತೆತ್ತಿತು. ಅದೇ ಕಣಿವೆದಾರಿ, ಅದೇ ಮುಂದಾಳು, ಸುಜಯನ ನೆನಪಿಗಾಗಿ ಚಾರಣ ಎಂಬ ಹೊಸ ಹೆಸರು. ಸುಜಯನ ತಂಗಿ ಸಮೃದ್ಧಿ ತಾನೂ ಹೋಗುತ್ತೇನೆ ಎಂದಳು. ಅಣ್ಣ ಬಿದ್ದ ಜಾಗದ ಸಮೀಪ ಒಂದು ಕಲ್ಲು ನಿಲ್ಲಿಸಿ ಬರಬೇಕೆಂಬುದು ಅವಳ ಆಸೆ. ಮಧುಕೇಶ್ವರ ಆ ದಿಕ್ಕಿಗೆ ಮುಖ ಮಾಡಬಾರದು ಎಂದರು. ಗೋವಿಂದ ತಾನು ಜೊತೆಗಿರುತ್ತೇನೆ, ಈ ಸಲ ಒಳ್ಳೆಯ ಮುಹೂರ್ತ ನೋಡಿ ಹೊರಡೋಣ ಎಂದರು. ಮಗಳನ್ನು ಕಳುಹಿಸುವುದೋ ಬಿಡುವುದೋ ಎಂದು ಇಬ್ಬರೂ ದೇವಕಿಯ ಮುಖ ನೋಡಿದರು.

ದೇವಕಿ ಎದ್ದರು. ನಾಗಂದಿಗೆಯ ಮೇಲಿದ್ದ ನಕ್ಷೆಯನ್ನು ಇಳಿಸಿ, ಧೂಳು ಒರೆಸಿ, ಪರಿಮಳಾ ಮನೆಗೆ ನಡೆದರು. ತನ್ನ ಮಗ ಎಲ್ಲಿ ಬಿದ್ದ ಎಂದು ತೋರಿಸಬೇಕು ಎಂದರು. ಪರಿಮಳಾ ಹಿಂಜರಿದರು. ನೋವಾಗುತ್ತದೆ, ಬೇಡ ಎಂದರು.

"ನೋವಾಪದು ಬಾಕಿ ಇಲ್ಲೆ. ತೋರಿಸು."

ಪೊಲೀಸರ ವರದಿಯಲ್ಲಿದ್ದ ಜಾಗವನ್ನು ಪರಿಮಳಾ ಮೊದಲೇ ಗುರುತಿಸಿಟ್ಟಿದ್ದರು. ಅಲ್ಲಿ ಬೆರಳಿಟ್ಟು ತೋರಿಸಿದರು. ದೇವಕಿ ಬಹಳ ಹೊತ್ತು ನೋಡಿದರು. ಗೆರೆಗಳು ಏನು ಹೇಳುತ್ತವೆ ಎಂದು ಕೇಳಿದರು. ಒಂದು ಗೆರೆಯ ಮೇಲಿನ ಜಾಗವೆಲ್ಲ ಒಂದೇ ಎತ್ತರದಲ್ಲಿರುತ್ತದೆ ಎಂದು ಪರಿಮಳಾ ಶಾಲೆಯ ಮಾತಿನಲ್ಲಿ ಆರಂಭಿಸಿದರು. ದೇವಕಿಗೆ ಅರ್ಥವಾಗಲಿಲ್ಲ. ಪರಿಮಳಾ ಮತ್ತೊಂದು ರೀತಿಯಲ್ಲಿ ಹೇಳಲು ಹುಡುಕುತ್ತಿರುವಾಗ ದೇವಕಿಯೇ ಕೇಳಿದರು.

"ಬ್ಯಾಸಿಗೆಲಿ ಕೆರೆ ಇಳಿದಾಂಗೆ ದಂಡೆ ಮೇಲೆ ಗೆರೆ ಉಳಿತಲೆ, ಹಾಂಗನ ಇದು?"

ಹಾಗೆಯೇ ಎಂದರು ಪರಿಮಳಾ. ನೀರು ಇಳಿದಂತೆ ಒಂದೊಂದು ಮಟ್ಟಕ್ಕೆ ಒಂದೊಂದು ಗೆರೆ. ಇಳಿಜಾರು ಸೌಮ್ಯವಾಗಿರುವ ದಂಡೆಯಲ್ಲಿ ಗೆರೆಗಳು ದೂರ ದೂರ ಬೀಳುತ್ತವೆ. ದಂಡೆ ಕಡಿದಾಗಿದ್ದರೆ ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ದೇವಕಿ ಮಗ ಬಿದ್ದ ಜಾಗವನ್ನು ಇನ್ನೊಮ್ಮೆ ನೋಡಿದರು. ಅಲ್ಲಿ ನೀಲಿಯ ಹಳ್ಳವನ್ನು ದಾಟುವ ಕಂದು ಗೆರೆಗಳು ಬಿಡಿಸಿ ನೋಡಲಾಗದಷ್ಟು ಒತ್ತಾಗಿ ದಪ್ಪ ಪಟ್ಟಿಯಂತೆ ಕಾಣುತ್ತಿದ್ದವು. ಮಾರ್ಗದರ್ಶಿ ಹೋದ ದಾರಿಯಲ್ಲಿ ಅದೇ ಗೆರೆಗಳು ಬಿಡಿಬಿಡಿಯಾಗಿ ಹರಡಿಕೊಂಡಿದ್ದವು.

ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ. ಹಪ್ಪಳ ಕಟ್ಟಿದ ಆ ಭಾನುವಾರವೂ ಈ ಗೆರೆಗಳು ಇಲ್ಲಿ ಹೀಗೆಯೇ ಇದ್ದವೇ ಎಂದು. ಇದ್ದವು ಎಂದು ಪರಿಮಳಾ ಹೇಳಬೇಕಾಯಿತು.

ಮುಂದಿನ ಭಾನುವಾರ ಚಾರಣದ ಏರ್ಪಾಡು ಮಾತನಾಡಲು ಬಳಗ ದೇವಕಿಯ ಮನೆಯಲ್ಲಿಯೇ ಸೇರಿತು. ಸಮೃದ್ಧಿ ಚಾ ತಂದಿಟ್ಟಳು. ಗೋವಿಂದ ಯಾರ ಚೀಲದಲ್ಲಿ ಏನು ಎಂದು ಹೇಳಲು ಶುರು ಮಾಡಿದರು. ದೇವಕಿ ನಕ್ಷೆಯನ್ನು ತಂದು ಅಣ್ಣನ ಮುಂದೆ ಹಾಸಿದರು. ಕಣಿವೆದಾರಿ ಎಲ್ಲಿದೆ, ಡೇರೆಯ ಬಯಲು ಎಲ್ಲಿದೆ ಎಂದು ತಾವೇ ತೋರಿಸಿ, ಅಂದು ಇಳಿದ ಹಳ್ಳದ ಮೇಲೆ ಬೆರಳಿಡಲು ಹೇಳಿದರು. ಗೋವಿಂದ ಹಳೆಯದನ್ನೆಲ್ಲ ಕೆದಕಬಾರದು, ಆದದ್ದು ಹಣೆಬರಹ ಎಂದರು.

"ಬೆರಳಿಡು ಅಣ್ಣ."

ಬಲಗೈಯಲ್ಲಿ ಉಳಿದಿದ್ದ ಬೆರಳೊಂದರಿಂದ ಗೋವಿಂದ ನೀಲಿ ಗೆರೆಯನ್ನು ಮುಟ್ಟಿದರು. ಇಳಿಸುತ್ತ ಹೋಗು ಎಂದರು ದೇವಕಿ. ಬೆರಳು ಇಳಿಯಿತು. ಒಂದು ಕಡೆ ತಾನಾಗಿ ನಿಂತಿತು.

"ಅಲ್ಲಿ ಎಂತ ಕಾಣ್ತು?"

"ಗೆರೆ ಒತ್ತಾಗಿದ್ದು."

"ಕೆರೆ ದಂಡೆಲಿ ಗೆರೆ ಹೀಂಗೆ ಒತ್ತಾಗಿದ್ರೆ ಅಲ್ಲಿ ಎಂತ ಇರ್ತು?"

ಗೋವಿಂದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಮೂರು ತಾಲ್ಲೂಕಿನ ಕಾಲುದಾರಿ ಬಲ್ಲವರಿಗೆ ಉತ್ತರ ತಿಳಿಯಲಿಲ್ಲ ಎಂದಲ್ಲ. ತಿಳಿಯಿತು. ಕೊನೆಗೆ, ಎದುರಿದ್ದವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, "ಧರೆ" ಎಂದರು. ಕಡಿದಾದ ದಂಡೆಗೆ, ಪ್ರಪಾತಕ್ಕೆ ನಮ್ಮ ಕಡೆಯ ಮಾತು ಅದು.

"ಇಷ್ಟು ದೊಡ್ಡ ಧರೆ ಈ ಕಾಗದಲ್ಲಿ ಇತ್ತು. ಈ ಜಗಲಿ ಮೇಲೆ ಕೂತು ಕಾಣ್ತಿತ್ತು. ಹಣೆಬರಹ ಹೇಳಡ ಅಣ್ಣ. ಬರದಿದ್ದು ಇಲ್ಲಿತ್ತು. ನಿಂಗ ಯಾರೂ ಓದಿದ್ದಿಲ್ಲೆ, ಅಷ್ಟೇಯ."

ಗೋವಿಂದ ಅಳುತ್ತಿದ್ದರು. ದೇವಕಿ ಅಳಲಿಲ್ಲ, ಅಣ್ಣನನ್ನು ಸಮಾಧಾನ ಮಾಡಲೂ ಹೋಗಲಿಲ್ಲ. ತಲೆ ತಗ್ಗಿಸಿ ಕುಳಿತಿದ್ದ ಗಂಡನ ಕಡೆಗೆ ತಿರುಗಿ ಮಗಳ ಮಾತೆತ್ತಿದರು. "ಕೂಸು ಹೋಗ್ಲಿ. ಪರ್ವತ ಯನ್ನ ಮಾಣಿನ ಕೊಂದಿದ್ದಿಲ್ಲೆ. ಕಲ್ತು ಹೋಗ್ಲಿ. ಕಲಿಯದೆ ಯಾರೂ 'ಸುಜಯನ ಹೆಸರಲ್ಲಿ' ಹೇಳಿ ಹೊರಡದು ಬ್ಯಾಡ."

ಮಧುಕೇಶ್ವರ ಎದ್ದು ಬಂದು ನಕ್ಷೆಯ ಮುಂದೆ ಕುಳಿತರು. ಆ ಜಾಗ ಯಾವುದು ಎಂದು ಅವರು ಅದುವರೆಗೆ ಕೇಳಿಯೇ ಇರಲಿಲ್ಲ. ಈಗ ಕೇಳಿದರು. ಮಗಳು ಬೆರಳಿಟ್ಟು ತೋರಿಸಿದಳು.

ಆ ಬೇಸಿಗೆಯಲ್ಲಿ ಬಳಗ ಎಲ್ಲಿಗೂ ಹೋಗಲಿಲ್ಲ. ಪರಿಮಳಾ ಮನೆಯಲ್ಲಿ ಸಂಜೆಯ ಪಾಠ ನಡೆಯಿತು. ದಿಕ್ಸೂಚಿಯ ಕೆಂಪು ಮೊನೆ ಉತ್ತರವನ್ನು ತೋರಿಸುವಾಗ ನಕ್ಷೆಯ ಮೇಲ್ಭಾಗವನ್ನು ಆ ಕಡೆಗೆ ತಿರುಗಿಸಿಕೊಳ್ಳುವುದು, ಎದುರು ಕಾಣುವ ಗುಡ್ಡವನ್ನು ಗೆರೆಗಳಲ್ಲಿ ಹುಡುಕುವುದು, ಮೊಬೈಲಿನಲ್ಲಿ ನಕ್ಷೆ ಇಳಿಸಿಕೊಂಡು ನೆಟ್ ಬಂದ್ ಮಾಡಿ ಪರೀಕ್ಷಿಸುವುದು, ಎಷ್ಟು ಹೊತ್ತಿನೊಳಗೆ ತಲುಪದಿದ್ದರೆ ಹಿಂದಿರುಗಬೇಕೆಂದು ಮೊದಲೇ ನಿಶ್ಚಯಿಸುವುದು, ಹೀಗೆ ಒಂದೊಂದನ್ನೂ ಎಲ್ಲರೂ ಕಲಿತರು. ಕಲಿತದ್ದನ್ನು ನಮ್ಮದೇ ಕಾಡಿನಲ್ಲಿ ನಡೆದು ನೋಡಿದರು. ಸಮೃದ್ಧಿ ಎಲ್ಲರಿಗಿಂತ ಬೇಗ ಕಲಿತಳು. ಮುಂದಿನ ವರ್ಷ ಬೇರೊಬ್ಬ ತರಬೇತಿ ಪಡೆದ ಮುಂದಾಳಿನ ಜೊತೆ ಅವಳು ಹೋಗಲಿದ್ದಾಳೆ. ಗೋವಿಂದ ಹಿಂದಿನ ಸಾಲಿನಲ್ಲಿ ಕುಳಿತು ಎಲ್ಲವನ್ನೂ ಕಲಿತರು. ಯಾರನ್ನೂ ಎಲ್ಲಿಗೂ ಕರೆದೊಯ್ಯುವುದಿಲ್ಲ ಎಂದು ಅವರು ನಿರ್ಧರಿಸಿದ್ದಾರೆ. ಅವರಿಗೆ ಈಗ ನಕ್ಷೆ ಓದಲು ಚೆನ್ನಾಗಿ ಬರುತ್ತದೆ. ಕೆಲವು ವಿದ್ಯೆಗಳು ಬರಬೇಕಾದ ಕಾಲಕ್ಕೆ ಬಾರದೆ, ಶಿಕ್ಷೆಯಾಗಿ ಆಮೇಲೆ ಬರುತ್ತವೆ. ಶಿರಸಿಯಲ್ಲಿ ಸುಜಯನ ಆ ಸಣ್ಣ ಅಂಗಡಿ ಇದ್ದಲ್ಲಿ ಈಗ ಬೇರೆ ಯಾರೋ ಹೂವಿನ ವ್ಯಾಪಾರ ಮಾಡುತ್ತಾರೆ.

ಓದುಗರೇ, ಮುಂದಿನ ಬೇಸಿಗೆಯಲ್ಲಿಯೂ ನಮ್ಮ ಮೂರು ತಾಲ್ಲೂಕುಗಳಿಂದ ಎಷ್ಟೋ ಮಂದಿ ಎತ್ತರದ ಪರ್ವತಗಳಿಗೆ ಹೊರಡುತ್ತಾರೆ. ಅವರಲ್ಲಿ ನೀವೂ ಇರಬಹುದು, ನಿಮ್ಮ ಮಕ್ಕಳೂ ಇರಬಹುದು. ಹೊರಡುವ ಮುನ್ನ ಮನೆಯವರನ್ನೆಲ್ಲ ಕೂರಿಸಿಕೊಂಡು ನಕ್ಷೆಯನ್ನು ನೆಲದ ಮೇಲೆ ಹಾಸಿರಿ. ಇಲ್ಲಿ ಮಲಗುತ್ತೇವೆ, ಇಲ್ಲಿ ದಾಟುತ್ತೇವೆ, ಇಲ್ಲಿ ಧರೆ ಇದೆ, ಇಲ್ಲಿಗೆ ಬಂದು ಹೊತ್ತು ಮೀರಿದ್ದರೆ ಹಿಂದಿರುಗುತ್ತೇವೆ ಎಂದು ಬೆರಳಿಟ್ಟು ತೋರಿಸಿರಿ. ಅದರ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಿರಿ. ಮಾರ್ಗದರ್ಶಿಯ ಕಣ್ಣು ತಪ್ಪಿಸಿ ಒಂದು ಹೆಜ್ಜೆಯನ್ನೂ ಇಡಬೇಡಿರಿ. ನನಗೆ ಎಲ್ಲ ಗೊತ್ತು ಎನ್ನುವ ಹಿರಿಯರು ಜೊತೆಗಿದ್ದರೆ, ಮೊದಲು ಅವರಿಂದಲೇ ಬೆರಳಿಡಿಸಿರಿ. ಬೆರಳಿಡಲು ಬಾರದಿದ್ದರೆ ಯಾರ ಮುಲಾಜೂ ನೋಡದೆ ಕಟ್ಟಿದ ಚೀಲವನ್ನು ಬಿಚ್ಚಿಬಿಡಿರಿ.